ಸಾಕ್ಷಿಗಾಗಿ ಕಾದ ಶೌರ್ಯ

ರಣರಂಗದಲ್ಲಿ ಮಡಿದವನಿಗೆ ಪದಕ ಸಿಗಬೇಕಾದರೆ ಪರಾಕ್ರಮವೊಂದೇ ಸಾಲದು, ಅದನ್ನು ಕಂಡು ಹೇಳುವವರೂ ಉಳಿದಿರಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಆ ಭಾಗ್ಯವಿರಲಿಲ್ಲ. 1965ರ ಸೆಪ್ಟೆಂಬರ್ 7ರಂದು ವಾಯುಪಡೆಯ 1ನೇ ಸ್ಕ್ವಾಡ್ರನ್ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಾಗ ಅವರು ಮೀಸಲು ಪೈಲಟ್ ಆಗಿದ್ದರೂ ತಂಡದೊಂದಿಗೆ ಹಾರಿದರು. ತಂಡ ಮರಳಿತು, ಅವರು ಮರಳಲಿಲ್ಲ. ಕಡತದಲ್ಲಿ ಉಳಿದದ್ದು ‘ನಾಪತ್ತೆ’ ಎಂಬ ಒಂದೇ ಪದ.

ಆ ಪದದ ಹಿಂದಿನ ಸತ್ಯ ಬಯಲಾದದ್ದು 1979ರಲ್ಲಿ. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಲ್ಲಿ ಆ ದಿನದ ಕಾಳಗದ ವಿವರವಿತ್ತು. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಬೆನ್ನಟ್ಟಿದಾಗ, ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ಭಾರತೀಯ ಪೈಲಟ್ ಏಟು ತಿಂದ ಮೇಲೂ ತಿರುಗಿಬಿದ್ದು ಅದನ್ನು ಕೆಡವಿದ್ದರು. ಎದುರಾಳಿ ಅಮ್ಜದ್ ಹುಸೇನ್ ಹೊರಜಿಗಿದು ಬದುಕಿದರು. ಆ ಭಾರತೀಯ ಪೈಲಟ್ ಮರಳಿ ಬಾರದ ದೇವಯ್ಯನವರೇ. ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಪಟ್ಟುಬಿಡದೆ ಸರ್ಕಾರದ ಗಮನ ಸೆಳೆದರು. 1988ರಲ್ಲಿ, 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ವೈರಿಯ ಮಾತನ್ನು ನಂಬಿ ಪದಕ ಕೊಡಬಹುದೇ ಎಂದು ಕೇಳುವವರಿದ್ದಾರೆ. ಹೊಗಳಿಕೆಯಾಗಿದ್ದರೆ ಅನುಮಾನಿಸಬಹುದಿತ್ತು. ಇದು ತಮ್ಮ ಅತಿವೇಗದ ವಿಮಾನ ಹಳೆಯ ವಿಮಾನಕ್ಕೆ ಬಲಿಯಾಯಿತೆಂಬ ಒಪ್ಪಿಗೆ. ತನಗೇ ನಷ್ಟ ತರುವ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ. ಕಾಲ ಮಿಂಚಿದ ಮೇಲೆ ಪದಕವೇಕೆ, ಹಳೆಯ ಕಡತ ಬಿಚ್ಚಿದರೆ ಆಧಾರವಿಲ್ಲದ ಕಥೆಗಳೂ ನುಸುಳುತ್ತವೆ ಎಂಬ ಆತಂಕವೂ ಉಂಟು. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಸಾಕ್ಷ್ಯವನ್ನು ಒರೆಗೆ ಹಚ್ಚುವುದು. ತಡವಾದ ಪದಕ ಸತ್ತವರನ್ನು ತಂದುಕೊಡದು, ನಿಜ. ಆದರೆ ‘ನಾಪತ್ತೆ’ ಎಂಬಲ್ಲಿ ‘ಹೋರಾಡಿ ಮಡಿದರು’ ಎಂದು ಬರೆಸುತ್ತದೆ. ಮನೆಯವರಿಗೆ ಅದು ಸಣ್ಣ ಮಾತಲ್ಲ.

ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರಿಗೂ ಇದು ದೂರದ ಕಥೆಯಲ್ಲ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1940ರಲ್ಲಿ ಚೀನಾದ ಯುದ್ಧಭೂಮಿಯಲ್ಲಿ 72 ಗಂಟೆ ನಿದ್ದೆಯಿಲ್ಲದೆ ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡಿದ್ದು, 1942ರಲ್ಲಿ ಅಲ್ಲೇ ತೀರಿಕೊಂಡದ್ದು ಇಂದಿಗೂ ಜನರಿಗೆ ಗೊತ್ತಿರುವುದು ಜತೆಗಿದ್ದವರು ಹೇಳಿ ಉಳಿಸಿದ್ದರಿಂದಲೇ. ಈ ಗಡಿಸೀಮೆಯ ಯಾವುದೋ ಮನೆಯ ಟ್ರಂಕಿನಲ್ಲಿ ಅಜ್ಜನ ಪಲ್ಟನ್ನಿನ ಕಾಗದ, ಯುದ್ಧಭೂಮಿಯಿಂದ ಬಂದ ಪತ್ರ ಇದ್ದೀತು. ಅದನ್ನು ರದ್ದಿಗೆ ಹಾಕಬೇಡಿ. ನಾಳೆ ಯಾರೋ ಅವನ ಬಗ್ಗೆ ಕೇಳಿದಾಗ ಅವನ ಪರವಾಗಿ ಮಾತಾಡಲು ಉಳಿದಿರುವುದು ಅದೊಂದೇ ಇರಬಹುದು.