ಡಯಟೀಷಿಯನ್ ಓದಿಗೆ ದುಡ್ಡು ಕೊಡೋರು ಯಾರು?

ಅಮೆರಿಕದಲ್ಲಿ ನೋಂದಾಯಿತ ಡಯಟೀಷಿಯನ್ ಆಗೋಕೆ ಈಗ ಬರೀ ಡಿಗ್ರಿ ಸಾಲದು. 2024ರ ಜನವರಿ 1ರಿಂದ, ಹೊಸದಾಗಿ ಪರೀಕ್ಷೆಗೆ ಕೂರೋರಿಗೆ ಸ್ನಾತಕೋತ್ತರ ಪದವಿ ಕಡ್ಡಾಯ. ಓದು ಹೆಚ್ಚಿತು, ಖರ್ಚೂ ಹೆಚ್ಚಿತು.

ಆದ್ರೆ ತಾಯಿ-ಮಕ್ಕಳ ಪೌಷ್ಟಿಕತೆ ಓದೋ ಕೆಲವರ ಖರ್ಚಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಪಾಲು ಹೊರುತ್ತಾ ಬಂದಿದೆ.

ಇದರ ಬೇರು ಇರೋದು 1935ರಲ್ಲಿ. ಆರ್ಥಿಕ ಮಹಾಕುಸಿತದ ಕಾಲ. ಅಧ್ಯಕ್ಷ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದ್ರು. ಅದರ ಐದನೇ ಭಾಗ, ಅಂದ್ರೆ ‘ಟೈಟಲ್ ಫೈವ್’, ತಾಯಿ-ಮಕ್ಕಳ ಆರೋಗ್ಯಕ್ಕೆ ಹಣದ ದಾರಿ ತೆರೀತು.

ದುಡ್ಡು ತಲುಪೋದು ಹೇಗೆ? ಕೇಂದ್ರ ಸರ್ಕಾರದ ತಾಯಿ-ಮಕ್ಕಳ ಆರೋಗ್ಯ ಬ್ಯೂರೋ ಅರ್ಜಿ ಕರೆಯುತ್ತೆ. ವಿಶ್ವವಿದ್ಯಾಲಯಗಳು ಪೈಪೋಟಿಯಲ್ಲಿ ಅನುದಾನ ಪಡೀತವೆ. ಹಾಗೆ ಪಡೆದವುಗಳಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯವೂ ಒಂದು. ಆ ಹಣದಿಂದ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್, ಕ್ಷೇತ್ರ ತರಬೇತಿ. ಈಗಾಗಲೇ ಕೆಲಸದಲ್ಲಿರೋರಿಗೆ ಮುಂದುವರಿದ ಶಿಕ್ಷಣ.

ಇಷ್ಟೆಲ್ಲ ಯಾಕೆ? ಗರ್ಭಿಣಿಯ ರಕ್ತಹೀನತೆ, ಎದೆಹಾಲಿನ ತೊಂದರೆ, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಆಹಾರ: ಇವೆಲ್ಲಕ್ಕೂ ಒಂದೇ ಡಯಟ್ ಚಾರ್ಟ್ ನಡೆಯೋದಿಲ್ಲ. ಜೊತೆಗೆ, ಒಂದು ರಾಜ್ಯದ ಪೌಷ್ಟಿಕ ಯೋಜನೆಯನ್ನೇ ರೂಪಿಸಿ ನಡೆಸಬಲ್ಲವರು ಬೇಕು. ಈ ತರಬೇತಿಯ ಮುಖ್ಯ ಗುರಿ ಅದೇ, ನಾಯಕತ್ವ.

ಅಲ್ಲಿಗೆ ಓದೋಕೆ ಹೊರಟಿದ್ದೀರಾ? ಒಂದು ಮಾತು ನೆನಪಿರಲಿ. ಈ ಅನುದಾನದ ಸ್ಟೈಪೆಂಡ್ ಅಲ್ಲಿನ ಪೌರರಿಗೆ, ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ವಿದ್ಯಾರ್ಥಿ ವೀಸಾದವರಿಗೆ ಸಿಗೋದಿಲ್ಲ. ಅವರಿಗೆ ವಿಭಾಗದಲ್ಲಿ ಬೇರೆ ಅಸಿಸ್ಟೆಂಟ್‌ಶಿಪ್ ಇದೆಯಾ, ಅರ್ಜಿ ಹಾಕೋ ಮುಂಚೆಯೇ ಕೇಳಿ ತಿಳ್ಕೊಳ್ಳಿ.