ಮಗುವಿನ ತೂಕ, ಮನೆಯ ಹೊಣೆ

ಮೈ ತುಂಬಿಕೊಂಡ ಮಗುವನ್ನು ಕಂಡು ಹಿಗ್ಗುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಂದ ರೂಢಿ. ಬರ, ಜ್ವರ, ಕೊರತೆಗಳ ನೆನಪು ಇನ್ನೂ ಮಾಸದ ಸಮಾಜದಲ್ಲಿ ಗುಂಡಾದ ಕೆನ್ನೆಯೆಂದರೆ ಒಂದು ಅಭಯ. ಮಗು ಉಳಿದುಕೊಂಡಿತೆಂಬ ಭರವಸೆ. ಆ ಹಿಗ್ಗನ್ನು ಹಳಿಯಬೇಕಾಗಿಲ್ಲ. ಆದರೆ ಕಾಲ ನಮ್ಮ ಮುಂದೆ ಒಂದು ವಿಚಿತ್ರ ಸನ್ನಿವೇಶವನ್ನು ತಂದಿಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಅತಿತೂಕದ ಮಕ್ಕಳ ಪ್ರಮಾಣ, ಹಿಂದಿನ ಸಮೀಕ್ಷೆಯ 2.1ರಿಂದ 3.4ಕ್ಕೆ ಏರಿದೆ. ಹಸಿವು ಇನ್ನೂ ತೊಲಗಿಲ್ಲ. ಅದರ ಪಕ್ಕದಲ್ಲಿಯೇ ಬೊಜ್ಜು ಬಂದು ಕುಳಿತಿದೆ. ಜಗತ್ತಿನಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 16 ಕೋಟಿ ಮಂದಿ ಸ್ಥೂಲಕಾಯದಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ 2022ನೆಯ ಇಸವಿಗೆ ಲೆಕ್ಕ ಕೊಟ್ಟಿದೆ.

ಮಗುವಿನ ಮೈ ಮಿತಿಮೀರಿ ಬೆಳೆಯುತ್ತಿದೆಯೆಂದು ಮನೆಯವರಿಗೆ ಅರಿವಾದಾಗ ಸಾಮಾನ್ಯವಾಗಿ ನಡೆಯುವುದೇನು? ಮೊದಲು ಮಗುವಿಗೊಂದು ಅಡ್ಡಹೆಸರು ಬೀಳುತ್ತದೆ. ಆಮೇಲೆ ಅದರ ತಟ್ಟೆ ಬೇರೆಯಾಗುತ್ತದೆ. ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ, ಇವನೊಬ್ಬನಿಗೆ ಸೌತೆಕಾಯಿ. ಅಣ್ಣ ಚಕ್ಕುಲಿ ಮುರಿಯುವ ಸದ್ದು ಕೇಳುತ್ತ ತಮ್ಮ ತಲೆ ತಗ್ಗಿಸಿ ಕೂರಬೇಕು. ನಾವು ಇದನ್ನು ಪಥ್ಯವೆನ್ನುತ್ತೇವೆ. ಮಗು ಇದನ್ನು ಶಿಕ್ಷೆಯೆಂದು ತಿಳಿಯುತ್ತದೆ. ಮಗುವಿನ ತಿಳಿವಳಿಕೆಯೇ ನಮ್ಮದಕ್ಕಿಂತ ಸರಿ ಎನ್ನಬೇಕಾಗುತ್ತದೆ. ಏಕೆಂದರೆ ಮನೆಗೆ ಎಣ್ಣೆ, ಸಕ್ಕರೆ ತಂದವನು ಆ ಮಗುವಲ್ಲ, ಕರಿದವನೂ ಅಲ್ಲ, ಡಬ್ಬಿಯಲ್ಲಿ ತುಂಬಿ ಕೈಗೆಟುಕುವಂತೆ ಇಟ್ಟವನೂ ಅಲ್ಲ.

ಈ ಸರಳವಾದ ಸಂಗತಿಯನ್ನು ಶಾಸ್ತ್ರದ ಒರೆಗೆ ಹಚ್ಚಿ ನೋಡಿದವರಲ್ಲಿ ಪ್ರಮುಖರು ಅಮೆರಿಕದ ಮನಶ್ಶಾಸ್ತ್ರಜ್ಞ ಲೆನರ್ಡ್ ಎಪ್‌ಸ್ಟೈನ್. ಪಿಟ್ಸ್‌ಬರ್ಗ್ ನಗರದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಅವರೂ ಅವರ ಸಂಗಡಿಗರೂ ಆರರಿಂದ ಹನ್ನೆರಡು ವರ್ಷದ ಸ್ಥೂಲ ಮಕ್ಕಳನ್ನು ತಂದೆತಾಯಿಗಳೊಡನೆ ಚಿಕಿತ್ಸೆಗೆ ಕರೆದರು. ಔಷಧಿಯೇನೂ ಇರಲಿಲ್ಲ. ಆಹಾರವನ್ನು ಅವರು ಚೌಕದ ಸಿಗ್ನಲ್ ದೀಪದಂತೆ ಮೂರು ಬಣ್ಣಗಳಲ್ಲಿ ವಿಂಗಡಿಸಿದರು. ನಮ್ಮ ಅಡುಗೆಮನೆಗೆ ಅನ್ವಯಿಸಿ ಹೇಳುವುದಾದರೆ, ಸೊಪ್ಪು ತರಕಾರಿಗಳು ಹಸಿರು. ಅನ್ನ, ರೊಟ್ಟಿ, ಬೇಳೆ, ಹಾಲು ಹಳದಿ, ಅಂದರೆ ಬೇಕು, ಆದರೆ ಅಳತೆಯಿರಲಿ. ಕರಿದದ್ದು ಮತ್ತು ಸಿಹಿತಿಂಡಿ ಕೆಂಪು. ಕೆಂಪಿಗೆ ಬಹಿಷ್ಕಾರವಿಲ್ಲ; ವಾರಕ್ಕೆ ಇಷ್ಟು ಸಲವೆಂಬ ಗಡಿ ಮಾತ್ರ. ತಿಂದದ್ದನ್ನೂ ಆಡಿದ್ದನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು, ಗುರಿ ಮುಟ್ಟಿದಾಗ ಮೆಚ್ಚುಗೆಯ ಮಾತಾಡುವುದು ಚಿಕಿತ್ಸೆಯ ಉಳಿದ ಅಂಗಗಳು.

ಈ ಮಕ್ಕಳನ್ನು ಹತ್ತು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಕುಟುಂಬಗಳನ್ನು ಮೂರು ಗುಂಪು ಮಾಡಲಾಗಿತ್ತು. ಆಹಾರ, ವ್ಯಾಯಾಮಗಳ ಪಾಠ ಮೂವರಿಗೂ ಒಂದೇ ತೆರನಾದದ್ದು. ಮೊದಲ ಗುಂಪಿನಲ್ಲಿ ಮಗು, ಪೋಷಕ ಇಬ್ಬರ ಪ್ರಗತಿಗೂ ಪ್ರೋತ್ಸಾಹ. ಎರಡನೆಯದರಲ್ಲಿ ಮಗುವಿಗೆ ಮಾತ್ರ. ಮೂರನೆಯದರಲ್ಲಿ ತರಗತಿಗೆ ಬಂದದ್ದಕ್ಕಷ್ಟೇ. ವಯಸ್ಸಿಗೂ ಎತ್ತರಕ್ಕೂ ಸಹಜವಾದ ತೂಕಕ್ಕಿಂತ ಮಗು ಶೇಕಡ ಎಷ್ಟು ಹೆಚ್ಚು ತೂಗುತ್ತದೆ ಎಂಬುದೇ ಅಳತೆಗೋಲು. ಹತ್ತು ವರ್ಷಗಳ ಅನಂತರ ಮೊದಲ ಗುಂಪಿನ ಮಕ್ಕಳಲ್ಲಿ ಈ ಹೆಚ್ಚಳ ಸರಾಸರಿ 7.5ರಷ್ಟು ಇಳಿದಿತ್ತು, ಮೂರನೆಯ ಗುಂಪಿನಲ್ಲಿ 14.3ರಷ್ಟು ಏರಿತ್ತು. ಮಗುವನ್ನು ಮಾತ್ರ ಹುರಿದುಂಬಿಸಿದ ಗುಂಪು ಇವೆರಡರ ನಡುವೆ ನಿಂತಿತ್ತು. ಪಾಠ ಒಂದೇ, ಫಲ ಮಾತ್ರ ಬೇರೆ. ದೊಡ್ಡವರು ತಾವೂ ವ್ರತ ಹಿಡಿದ ಮನೆಯಲ್ಲಿ ಪಾಠ ಬೇರುಬಿಟ್ಟಿತು.

ಇಸ್ರೇಲಿನ ಮೋರಿಯಾ ಗೋಲಾನ್ ಮತ್ತು ಸಹೋದ್ಯೋಗಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 60 ಮಕ್ಕಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳನ್ನು ಅವರು ಚಿಕಿತ್ಸೆಗೆ ಕರೆಯಲೇ ಇಲ್ಲ. ತಂದೆತಾಯಿಗಳನ್ನು ಮಾತ್ರ ಕೂರಿಸಿಕೊಂಡು ಮಾತಾಡಿದರು. ಇನ್ನೊಂದು ಗುಂಪಿನಲ್ಲಿ ಮಕ್ಕಳೇ ಬಂದು ಕಲಿತರು. ಹೆಚ್ಚು ತೂಕ ಇಳಿದದ್ದು ತಾವು ಚಿಕಿತ್ಸೆಗೆ ಬಾರದ ಮಕ್ಕಳಲ್ಲಿ! ಮನೆ ಬದಲಾಯಿತು, ಮಗು ಆ ಮನೆಯಲ್ಲಿ ಬದುಕಿತು, ಅಷ್ಟೇ. ಅಮೆರಿಕದಲ್ಲಿ 452 ಕುಟುಂಬಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಎಪ್‌ಸ್ಟೈನ್ ತಂಡದ ಅಧ್ಯಯನವೂ ಇದನ್ನೇ ಸಾರುತ್ತದೆ. ಅಲ್ಲಿ ಚಿಕಿತ್ಸೆಗೆ ಸೇರದ ಒಡಹುಟ್ಟಿದವರ ತೂಕದಲ್ಲಿಯೂ ಸುಧಾರಣೆ ಕಂಡುಬಂದಿತು.

ಹಾಗಾದರೆ ಬಿಗಿಯಾಗಿ ನಿಷೇಧಿಸಿಬಿಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಪೆನ್ಸಿಲ್ವೇನಿಯದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು ಇದನ್ನೂ ಪರೀಕ್ಷಿಸಿ 1999ರಲ್ಲಿ ಬರೆದಿದ್ದಾರೆ. ಕಣ್ಣಿಗೆ ಕಾಣುವಂತಿಟ್ಟು ಕೈಗೆ ಸಿಗದಂತೆ ಮಾಡಿದ ತಿಂಡಿಯ ಮೇಲೆ ಪುಟ್ಟ ಮಕ್ಕಳ ಆಸೆ ಇಮ್ಮಡಿಸಿತು. ಅದರ ಮಾತೇ ಅವರ ಬಾಯಲ್ಲಿ ಹೆಚ್ಚಾಯಿತು. ಇದರ ಅರ್ಥ ಸ್ಪಷ್ಟ. ತಿನ್ನಬಾರದ ತಿಂಡಿಯನ್ನು ಮನೆಗೆ ತಂದು ಕಾವಲು ಕಾಯುವುದಕ್ಕಿಂತ ತಾರದಿರುವುದು ಮೇಲು. ಆ ಸಂಯಮ ಮಾತ್ರ ಸಂತೆಯ ಚೀಲ ಹಿಡಿದ ದೊಡ್ಡವರದ್ದು. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ನಿರ್ಧಾರ. ಎಷ್ಟು ಉಣ್ಣಬೇಕೆಂಬುದು ಮಗುವಿನ ಹೊಟ್ಟೆಯ ನಿರ್ಧಾರ. ಇದು ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಹಾಕಿಕೊಟ್ಟ ಹಂಚಿಕೆ. ನಾವಾದರೋ ಇದನ್ನು ತಿರುವುಮುರುವು ಮಾಡಿದ್ದೇವೆ. ಅಂಗಡಿಯಲ್ಲಿ ಮಗು ಕೈತೋರಿದ್ದನ್ನು ಕೊಡಿಸುತ್ತೇವೆ. ಊಟಕ್ಕೆ ಕೂತಾಗ ‘ಇನ್ನೊಂದು ತುತ್ತು’ ಎಂದು ಬಲವಂತ ಮಾಡುತ್ತೇವೆ.

ಇಲ್ಲಿ ನಮ್ಮ ಸಂಸಾರಗಳ ಒಂದು ವಿಶೇಷವನ್ನು ನೆನೆಯಬೇಕು. ಆ ಅಧ್ಯಯನಗಳಲ್ಲಿ ಕುಟುಂಬವೆಂದರೆ ಮುಖ್ಯವಾಗಿ ಮಗು ಮತ್ತು ತಂದೆತಾಯಿ. ನಮ್ಮಲ್ಲಿ ಅಜ್ಜಿಯ ಸೆರಗಿನ ಗಂಟು, ಸೋದರಮಾವ ತರುವ ಬೇಕರಿಯ ಪೊಟ್ಟಣ, ನೆರೆಮನೆಯ ಹಬ್ಬದ ತಟ್ಟೆ ಎಲ್ಲವೂ ಕುಟುಂಬವೇ. ಅಜ್ಜಿಯ ಕೈಯಿಂದ ಕೊಡುವ ಸುಖವನ್ನು ಕಸಿದುಕೊಂಡರೆ ಯಾವ ಚಿಕಿತ್ಸೆಯೂ ನಿಲ್ಲದು. ಆ ಕೈಗೆ ಬೇರೊಂದು ಕೆಲಸ ಬೇಕು: ಕೋಡುಬಳೆಯ ಬದಲು ಸೀಬೆಹಣ್ಣು, ತಿಂಡಿಯ ಬದಲು ಸಂಜೆ ಜತೆಗೂಡಿ ದೇವಸ್ಥಾನದವರೆಗೆ ನಡಿಗೆ. ಪಿಟ್ಸ್‌ಬರ್ಗಿನ ಚಿಕಿತ್ಸೆಯಲ್ಲಿಯೂ ಮಗುವಿಗೆ ಬಹುಮಾನವಾಗಿ ಸಿಹಿಯನ್ನು ಕೊಡುವಂತಿರಲಿಲ್ಲ.

ಇದು ಮಂತ್ರದಂಡವಲ್ಲ ಎಂಬುದನ್ನೂ ಹೇಳಬೇಕು. ಎಪ್‌ಸ್ಟೈನ್ ತಮ್ಮ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ನೋಡಿದಾಗ, ಹತ್ತು ವರ್ಷಗಳ ಬಳಿಕ ಸ್ಥೂಲಕಾಯದಿಂದ ಪೂರ್ಣವಾಗಿ ಹೊರಬಂದಿದ್ದವರು ಶೇಕಡ 30 ಮಾತ್ರ. ಅನುವಂಶಿಕತೆಯ ಪಾತ್ರ ದೊಡ್ಡದು; ಎಲ್ಲ ಮೈಗಳೂ ಒಂದೇ ಅಚ್ಚಿನವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರಲ್ಲಿ ನೀಡಿದ ಸೂಚನೆಯಂತೆ ಇಂಥ ಚಿಕಿತ್ಸೆಗೆ ಮೂರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ 26 ಗಂಟೆಗಳಿಗೆ ಕಡಿಮೆಯಿಲ್ಲದ ಮುಖಾಮುಖಿ ಭೇಟಿ ಬೇಕು. ತೀವ್ರ ಸ್ಥೂಲಕಾಯದ ಹದಿಹರೆಯದವರಿಗೆ ಔಷಧ, ಶಸ್ತ್ರಚಿಕಿತ್ಸೆಗಳ ನೆರವೂ ಬೇಕಾದೀತು. ಅದು ವೈದ್ಯರು ತೂಗಿನೋಡಬೇಕಾದ ವಿಷಯ. ಇನ್ನು ಬೆಳೆಯುವ ಮಗುವಿಗೆ ತೂಕ ಇಳಿಸುವುದೇ ಗುರಿಯಾಗಬೇಕೆಂದಿಲ್ಲ. ಎಷ್ಟೋ ಮಕ್ಕಳಲ್ಲಿ ತೂಕ ಇದ್ದಲ್ಲಿ ನಿಂತರೆ ಸಾಕು. ಎತ್ತರ ಬೆಳೆದಂತೆ ಮೈ ತಾನೇ ಹದಕ್ಕೆ ಬರುತ್ತದೆ.

ಆದ್ದರಿಂದ ಮಾಡಬಹುದಾದ ಮೊದಲ ಕೆಲಸ ಬಹಳ ಚಿಕ್ಕದು, ಬಹಳ ಕಷ್ಟದ್ದು ಕೂಡ. ಅಡ್ಡಹೆಸರನ್ನು ಬಿಡಬೇಕು, ಬೇರೆ ಮಾಡಿದ ತಟ್ಟೆಯನ್ನು ಮತ್ತೆ ಪಂಕ್ತಿಗೆ ತರಬೇಕು, ಆ ತಟ್ಟೆಯಲ್ಲಿರುವುದನ್ನೇ ಎಲ್ಲರೂ ಉಣ್ಣಬೇಕು. ಅಪ್ಪನ ತಟ್ಟೆಯಲ್ಲಿ ಪಲ್ಯ ಹೆಚ್ಚಾದ ದಿನ, ಮಗನಿಗೆ ಅದರ ಗುಣವನ್ನು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.