ನಿಮಗಿದು ಗೊತ್ತೇ? ಪಿನ್ ಕೋಡ್ ಒಳಗಿನ ಗಣಿತ

● ಅಫಜಲಪುರ 585301, ಆಳಂದ 585302, ಜೇವರ್ಗಿ 585310. ಲಕೋಟೆಯ ಮೇಲೆ ಬರೆದು ಅಲ್ಲೇ ಮರೆತುಬಿಡುವ ಆರಂಕಿಗಳಿವು. ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು.

● ಮೂರರಲ್ಲೂ ಮೊದಲಿಗೆ ಬರುವ 585 ಕಲಬುರಗಿ ಭಾಗದ ಗುರುತು. ಹಿಂದಿನಿಂದ ಓದಿದರೂ 585! ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ 1001001001. ಅದೂ ಎತ್ತಲಿಂದ ಓದಿದರೂ ಅದೇ.

● ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅಫಜಲಪುರದ್ದು. 750ರ ವರ್ಗ 562500, 151ರ ವರ್ಗ 22801. ಕೂಡಿಸಿ: 585301. ಇನ್ನೊಂದು ಜೋಡಿಯೂ ಇದೆ, 745 ಮತ್ತು 174. ಅವುಗಳ ವರ್ಗಗಳನ್ನು ಕೂಡಿಸಿದರೂ ಬರುವುದು ಅದೇ ಅಂಕಿ. ಕೂಡುವುದಷ್ಟೇ ಅಲ್ಲ, 1195ರ ವರ್ಗದಿಂದ 918ರ ವರ್ಗ ಕಳೆದರೂ ಅಫಜಲಪುರವೇ ಸಿಗುತ್ತದೆ!

● ಆಳಂದ, ಜೇವರ್ಗಿಗೆ ಈ ಭಾಗ್ಯವಿಲ್ಲ. ಆಳಂದದ ಸಂಖ್ಯೆಯೊಳಗೆ 311, ಜೇವರ್ಗಿಯದರಲ್ಲಿ 11 ಅಡಗಿವೆ. ಎರಡೂ ಅವಿಭಾಜ್ಯ ಸಂಖ್ಯೆಗಳು. 4ರಿಂದ ಭಾಗಿಸಿದರೆ 3 ಉಳಿಯುತ್ತದೆ. ಅಂಥದ್ದೊಂದು ಒಂಟಿಯಾಗಿ ಸೇರಿಕೊಂಡರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಲಾರದು. ಇದರ ಮೂಲಸೂತ್ರವನ್ನು ಫ್ರಾನ್ಸಿನ ಫರ್ಮಾ 1640ರಲ್ಲಿ ತಿಳಿಸಿದ್ದು ಒಂದು ಪತ್ರದಲ್ಲಿ. ಆಗಿನ್ನೂ ಪಿನ್ ಕೋಡ್ ಇರಲಿಲ್ಲ, ಬಿಡಿ.

● ಅಪವರ್ತಿಸಿದರೆ ಅಫಜಲಪುರ 277 × 2113. ಆಳಂದ 2 × 311 × 941. ಜೇವರ್ಗಿ 2 × 5 × 11 × 17 × 313. ಹೀಗಾಗಿ ಮೊದಲನೆಯದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ನಾಲ್ಕೇ. ಎರಡನೆಯದಕ್ಕೆ 8, ಜೇವರ್ಗಿಗೆ 32! ಅಂಚೆ ಇಲಾಖೆ ಲೆಕ್ಕ ಹಾಕಿ ಕೊಟ್ಟದ್ದೇನಲ್ಲ, ಎಲ್ಲ ಕಾಕತಾಳೀಯ.

● ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಪೋಣಿಸಿದ ಸಂಖ್ಯೆಗಳನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿ: 12345654321. ನಮ್ಮ 585 ಇದರ ಮುಂದೆ ಒಂದು ಮಣಿ ಅಷ್ಟೆ.

● ಜೇವರ್ಗಿಯಲ್ಲಿ 11 ಇದೆ ಎಂದು ಭಾಗಿಸದೆಯೇ ಹೇಳಬಹುದು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 5+5+1, ಅಂದರೆ 11. ಬಿಟ್ಟವನ್ನು ಕೂಡಿಸಿ: 8+3+0, ಅದೂ 11. ಎರಡೂ ಮೊತ್ತ ಸಮನಾದರೆ ಸಂಖ್ಯೆ 11ರಿಂದ ಭಾಗವಾದಂತೆಯೇ. ನಿಮ್ಮೂರಿನ ಪಿನ್ ಕೋಡನ್ನೂ ಹೀಗೊಮ್ಮೆ ಕೂಡಿಸಿ ನೋಡಿ.